ರಫೀಕ್ ಭಾಯಿಗೆ ಕೇಳಿಸಿದ ಓದು

ಇಂಥದ್ದನ್ನು ಯಾರಾದರೂ ಹೇಳಿದರೆ ಅವರ ಮುಖದೆದುರೇ ನಗುತ್ತಿದ್ದವನು ನಾನು. ಹಳಿಯಾಳದ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತೇನೆ. ನಕ್ಷೆಯಲ್ಲಿ ಇಲ್ಲದ್ದು ನೆಲದ ಮೇಲೂ ಇಲ್ಲ ಎಂಬ ಹಟ ನನ್ನದು. ಈಗ ನೀವು ನಕ್ಕರೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಜೋಯಿಡಾ ಕಡೆಯ ಕಾಲುಹಾದಿಗಳ ಕೈಪಿಡಿಯೊಂದು ಸಿಕ್ಕಿತು. ಎಲ್ಲಿ ತಿರುಗಬೇಕು, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲ ಅದರಲ್ಲಿತ್ತು. ಭಾನುವಾರಕ್ಕೊಂದು ಹಾದಿಯಂತೆ ನಡೆಯತೊಡಗಿದೆ. ಜೊತೆಗೆ ದಾಂಡೇಲಿ ಅಂಬೇವಾಡಿಯ ರಫೀಕ್ ಭಾಯಿ. ನನ್ನ ಬೈಕ್ ರಿಪೇರಿ ಮಾಡುತ್ತಲೇ ಗೆಳೆಯರಾದ ಮೆಕ್ಯಾನಿಕ್. ಅವರು ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬಾರದು. ಪುಸ್ತಕ ಯಾವಾಗಲೂ ನನ್ನ ಚೀಲದಲ್ಲೇ ಇರುತ್ತಿತ್ತು.

ಒಂದು ಭಾನುವಾರ ಗುಡ್ಡದ ನಡುವೆ ಅವರು ನಿಂತುಬಿಟ್ಟರು. "ಕೈಕಾಲು ನಡಗಾಕತ್ತಾವ ಮಾಸ್ತರ. ಒಂದೀಟು ಕುಂದ್ರೂಣ್ರಿ."

ಗಡಿಯಾರ ನೋಡಿದೆ. ಪುಸ್ತಕದಲ್ಲಿದ್ದ ಹೊತ್ತಿಗಿಂತ ನಲವತ್ತು ನಿಮಿಷ ಹಿಂದಿದ್ದೆವು. ನನಗೆ ಸಿಟ್ಟು ಬಂತು. "ನೀವು ಕುಂದರ್ರಿ, ನಾ ತುದಿ ನೋಡಿ ಬರ್ತೇನಿ" ಎಂದು ಹೊರಟುಬಿಟ್ಟೆ. ಅವರಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು. ಬುತ್ತಿ ನನ್ನ ಬೆನ್ನ ಮೇಲಿತ್ತು.

ಇಳಿಯುವಾಗ ಹಾದಿ ತಪ್ಪಿತು. ಎರಡು ಗಂಟೆಯ ನಂತರ ಆ ಜಾಗಕ್ಕೆ ಬಂದರೆ ಅವರಿಲ್ಲ. ಕೂಗಿದೆ. ನನ್ನ ದನಿಯೇ ನನಗೆ ಹೆದರಿಕೆ ಹುಟ್ಟಿಸಿತು. ಕೊನೆಗೆ ಕೆಳಗಿನ ಪೊದೆಯ ಹತ್ತಿರ ಕಂಡರು. ಬೆವರಿನಲ್ಲಿ ಒದ್ದೆಯಾಗಿ, ಕಣ್ಣು ಮುಚ್ಚಿ ಮಲಗಿದ್ದರು. ಹಸಿವಿಗೆ ಸಕ್ಕರೆ ಇಳಿದಿರಬೇಕೆಂದು ಬುತ್ತಿಯಲ್ಲಿದ್ದ ಬೆಲ್ಲವನ್ನು ಅವರ ಒಸಡಿಗೆ ತಿಕ್ಕಿದೆ. ಎಷ್ಟೋ ಹೊತ್ತಿಗೆ ಕಣ್ಣು ತೆರೆದರು.

"ಓದೂದು ಯಾಕ ನಿಲ್ಲಿಸಿದ್ರಿ ಮಾಸ್ತರ?"

ಕೆಳಗಿಳಿಯುವಾಗ ಅವರೇ ಹೇಳಿದರು. ನಿದ್ದೆ ಹತ್ತಬಾರದೆಂದು ನಾನು ಅವರ ತಲೆಯ ಬಳಿ ಕೂತು ಒಂದೇ ಸಮ ಆ ಕೈಪಿಡಿ ಓದುತ್ತಿದ್ದೆನಂತೆ. ತಲೆ ಮುರಿದ ವೀರಗಲ್ಲು, ಅದರ ಎಡಕ್ಕೆ ಝರಿ, ಝರಿಯಾಚೆ ಒಂಟಿ ಮತ್ತಿಮರ. ಅಂಥದ್ದೇನೂ ನಾವು ನಡೆದ ಹಾದಿಯಲ್ಲಿರಲಿಲ್ಲ. ಮನೆಗೆ ಬಂದು ಪುಸ್ತಕ ತಿರುವಿದೆ. ನಾನು ಇನ್ನೂ ಓದಿರದ, ಬೇರೊಂದು ಹಾದಿಯ ಪುಟದಲ್ಲಿ ಮೂರೂ ಅದೇ ಕ್ರಮದಲ್ಲಿದ್ದವು.

ಅವರ ಹೆಂಡತಿ ನನ್ನನ್ನು ಕಂಡಾಗಲೆಲ್ಲ, "ನೀವು ಬಿಟ್ಟು ಹೋಗಿದ್ರ ನಮ್ಮ ಗತಿ ಏನಾಗ್ತಿತ್ರಿ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ತಡೆಯಲಾಗದೆ ಒಂದು ದಿನ ಗ್ಯಾರೇಜಿಗೆ ಹೋಗಿ ನಿಜ ಹೇಳಿದೆ.

ರಫೀಕ್ ಭಾಯಿ ಕೈಯ ಗ್ರೀಸ್ ಒರೆಸಿಕೊಂಡರು. "ನೀವು ಸಿಟ್ಟಿಲೆ ಹೋಗಿದ್ದು ನಂಗ ಗೊತ್ತೈತಿ. ಹತ್ತು ಹೆಜ್ಜಿ ಹೋದ್ರಿ, ತಿರುಗಿ ಬಂದು ಬಾಜೂಕ ಕುಂತ್ರಿ. ಕಣ್ಣಾರೆ ನೋಡೇನಿ."

ಅಲ್ಲಿ ಕೂತದ್ದು ಯಾರೆಂದು ನನಗೆ ಇವತ್ತಿಗೂ ತಿಳಿಯದು. ನಾನಂತೂ ಹಿಂತಿರುಗಿ ನೋಡಿಯೂ ಇರಲಿಲ್ಲ.