ವೇಸ್ಟ್ ನೂಲಿನಲ್ಲಿ ಸುತ್ತಿದ ಸೂಜಿ

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ. ಬೆಳಿಗ್ಗೆ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತಿಟ್ಟು, ರಬಕವಿಯಿಂದ ಜಮಖಂಡಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎಸ್ಸಿ. ಮುಗಿಸಿದೆ. ಈಗ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆದರೂ ಅವ್ವನಿಗೆ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚುವುದು ವೈನಿ, ನಮ್ಮಣ್ಣನ ಹೆಂಡತಿ. ಓದಿದ್ದು ಏಳನೇ ಇಯತ್ತೆ.

"ನಾ ಮಾಡತೇನಿ ಬೇ ಅವ್ವಾ," ಅಂದರೆ, "ಬ್ಯಾಡವಾ. ನೀ ಚುಚ್ಚೂಮುಂದ ಪಾಠ ಹೇಳತಿ. ಆಕಿ ಚುಚ್ಚಿದ್ದ ತಿಳಿಯಂಗಿಲ್ಲ," ಅನ್ನುತ್ತಿದ್ದಳು.

ಹೊಟ್ಟೆ ಉರಿಯುತ್ತಿತ್ತು. ಇನ್ಸುಲಿನ್ ಮೈಯಲ್ಲಿ ಎಲ್ಲಿ ಹುಟ್ಟುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆಯುವವಳು ನಾನು. ಅವ್ವ ಸೆರಗು ಸರಿಸಿ ಕೂಡುತ್ತಿದ್ದದ್ದು ಆಕೆಯ ಮುಂದೆ.

ಒಂದು ಮುಂಜಾನೆ ಕಸದ ಗಾಡಿಯ ಹೆಣ್ಣುಮಗಳು ಬೆರಳು ಒತ್ತಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ನಮ್ಮ ಓಣಿಯ ಮಗ್ಗದ ಮನೆಗಳಿಂದ ಬೀಳುವ ವೇಸ್ಟ್ ನೂಲನ್ನು ಆಕೆ ತಲೆದಿಂಬು ತುಂಬಲು ಆರಿಸಿಕೊಳ್ಳುತ್ತಿದ್ದಳು. ನಮ್ಮ ಬುಟ್ಟಿಯ ನೂಲಿನ ಉಂಡೆ ಬಿಚ್ಚಿದಾಗ ಒಳಗಿದ್ದ ಇನ್ಸುಲಿನ್ ಸೂಜಿ ಚುಚ್ಚಿತ್ತು.

"ಇದನ್ನ ಯಾರ್ ಸುತ್ತಿದ್ರಿ?" ಅಂದಳು. ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು.

ಖರೆ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಖುಷಿ. ವೈನಿ ಸಿಕ್ಕಿಬಿದ್ದಳು ಅನ್ನುವ ಖುಷಿ. ವೈನಿ ನನ್ನ ಮುಖ ನೋಡಿದಳು. ಆಗ ನೆನಪಾಯಿತು. ಆಕೆ ಬೀಳಗಿಯಿಂದ ಸೊಸೆಯಾಗಿ ಹೊಸದಾಗಿ ಬಂದಾಗ ಹಳೇ ಬ್ಲೇಡೊಂದನ್ನು ಹಾಗೇ ಬುಟ್ಟಿಗೆ ಹಾಕಿದ್ದಳು. ನಾನೇ ಏರುದನಿಯಲ್ಲಿ, "ನಮ್ಮ ಮನ್ಯಾಗ ಚೂಪ ಇದ್ದದ್ದನ್ನ ನೂಲಾಗ ಸುತ್ತಿ ಒಗಿತೀವಿ. ನಿಮ್ಮ ಬೀಳಗ್ಯಾಗ ಇಷ್ಟೂ ಕಲಿಸಿಲ್ಲನು?" ಅಂದಿದ್ದೆ. ಕಾಲಿಗೆ ಚುಚ್ಚಬಾರದು ಅಂತ ನಾವೆಲ್ಲ ಮಾಡುತ್ತಿದ್ದದ್ದೇ ಅದು. ಬಿಚ್ಚುವ ಕೈಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾನು ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡೆ.

"ನಂದ ತಪ್ಪಾತ್ರಿ," ಅಂದಳು ವೈನಿ. ಸಾಬೂನು ಹಚ್ಚಿ ಗಾಡಿಯಾಕೆಯ ಕೈ ತೊಳೆಸಿ, ಸರಕಾರಿ ದವಾಖಾನೆಗೆ ತಾನೇ ಕರೆದುಕೊಂಡು ಹೋದಳು. ಅವ್ವನ ರಕ್ತವನ್ನೂ ನೋಡಿದರು, ಅಂಟುವ ರೋಗ ಏನೂ ಇರಲಿಲ್ಲ. ಆದರೂ ಆ ಹೆಣ್ಣುಮಗಳಿಗೆ ಮೂರು ತಿಂಗಳಿಗೆ ಮತ್ತೊಮ್ಮೆ ರಕ್ತ ತೋರಿಸಲು ಬಾ ಅಂದರು. ಅಲ್ಲಿಯತನಕ ದಿನಾ ಗಾಡಿ ನಿಂತಾಗ ವೈನಿ ಹೊರಗೆ ಹೋಗಿ ಮಾತಾಡಿಸುತ್ತಿದ್ದಳು.

ನಾನು ಅರ್ಜಿ ಬರೆದೆ. ಮನೆಮನೆಯ ಸೂಜಿ, ಅವಧಿ ಮುಗಿದ ಗುಳಿಗೆ, ರಕ್ತದ ಬ್ಯಾಂಡೇಜು ಕಸದಲ್ಲಿ ಬೆರೆಯಬಾರದು, ಗಾಡಿಗೆ ಬೇರೆ ಡಬ್ಬಿ ಬೇಕು ಅಂತ ಎರಡು ಪುಟ. ನಗರಸಭೆಯಲ್ಲಿ ನಿಂತು ಸೀಲು ಹಾಕಿಸಿಕೊಂಡು ಬಂದೆ. ಸುಳ್ಳು ಯಾಕೆ, ಊರಿನ ಸಲುವಾಗಿ ಎಷ್ಟೋ, ವೈನಿಯನ್ನು ಹಿಂದೆ ಹಾಕುವ ಸಲುವಾಗಿಯೂ ಅಷ್ಟೇ.

ಕೆಲಸವೇನೋ ಆಯಿತು. ಗಾಡಿಯ ಹಿಂದೆ ಹಳದಿ ಡಬ್ಬಿ ಬಂತು. ತಿಳಿಸಿ ಹೇಳಲು ಆರೋಗ್ಯ ವಿಭಾಗದ ಸಾಹೇಬರೂ ಓಣಿಗೆ ಬಂದರು. ಇಸ್ತ್ರಿ ಸೀರೆ ಉಟ್ಟು ಮುಂದೆಯೇ ನಿಂತೆ, ಅರ್ಜಿಯ ಮಾತು ತೆಗೆದಾರು ಅಂತ. ಅವರು ಕೇಳಿದ್ದು, "ಯಾರ ಮನ್ಯಾಗ ಸೂಜಿ ಅದಾವ್ರಿ?"

ಗಾಡಿಯ ಹೆಣ್ಣುಮಗಳು ವೈನಿಯತ್ತ ಕೈ ಮಾಡಿದಳು. ವೈನಿ ಒಳಗಿನಿಂದ ದಪ್ಪನೆಯ ಫಿನಾಯಿಲ್ ಬಾಟಲಿ ತಂದಳು. ಸೂಜಿ ಚುಚ್ಚಿದ ದಿನವೇ ತೊಳೆದು ಒಣಗಿಸಿ, ಅಂದಿನಿಂದ ಸೂಜಿಗಳನ್ನೆಲ್ಲ ಅದರಲ್ಲೇ ಹಾಕುತ್ತಿದ್ದಳು.

ಸಾಹೇಬರು ಅದನ್ನು ಎತ್ತಿ ಹಿಡಿದರು. "ನೋಡ್ರೀ, ಹಿಂಗಿರಬೇಕು. ತುಂಬಿದ ಮ್ಯಾಲ ಗಟ್ಟಿ ಮುಚ್ಚಿ ಹಳದಿ ಡಬ್ಬಿಗೆ ಕೊಡ್ರಿ. ನಾವು ದವಾಖಾನಿ ಕಸದ ಜೋಡಿ ಕಳಸ್ತೇವಿ. ಎಷ್ಟ ಓದೀರಿ ಬಾಯಾರ?"

"ಏಳನೇತ್ತರಿ."

"ಬಾಕಿದವ್ರೂ ಏಳನೇತ್ತ ಓದಬೇಕ ಹಂಗಾರ," ಅಂದರು. ಓಣಿಯೆಲ್ಲ ನಕ್ಕಿತು. ಅವ್ವನೂ ನಕ್ಕಳು. ನಾನು ಒಳಗೆ ಹೋಗಿ ಸೀರೆ ಮಡಚಿಟ್ಟೆ.

ಮೂರು ತಿಂಗಳಾದ ಮೇಲೆ ಆ ಹೆಣ್ಣುಮಗಳು ಪೇಡೆ ತಂದಳು. ರಕ್ತ ಚಲೋ ಇತ್ತು. ಮೊದಲ ಪೇಡೆ ವೈನಿಯ ಕೈಗೆ. "ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ ಅಕ್ಕಾರ," ಅಂದಳು. ಆಮೇಲೆ ತಿರುಗಿ, "ಟೀಚರ್ರ, ನೀವೂ ತಗೋರಿ."

ಆ 'ನೀವೂ' ಮನಸ್ಸಿಗೆ ಹತ್ತಿತು. ಮಾಡದ ತಪ್ಪಿಗೆ ವೈನಿಗೆ ಮಾಫಿಯೂ ಸಿಕ್ಕಿತು. ನನ್ನ ತಪ್ಪಿನ ಮಾಫಿ.

"ನೂಲಾಗ ಸುತ್ತೂದು ಆಕಿಗಿ ಕಲಿಸಿದಾಕಿ ನಾನು," ಅಂದುಬಿಟ್ಟೆ. ಪಶ್ಚಾತ್ತಾಪಕ್ಕಲ್ಲ, ಹೊಟ್ಟೆಕಿಚ್ಚಿಗೆ.

ಗಾಡಿಯಾಕೆ ತನ್ನ ಬೆರಳು ನೋಡಿಕೊಂಡಳು, ನನ್ನನ್ನು ನೋಡಿದಳು. "ಇದನ್ನ ಹೇಳಾಕ ಮೂರ ತಿಂಗಳ ಬೇಕಾತೇನ್ರಿ?"

"ಇರಲಿ ಬಿಡ್ರಿ, ಪೇಡೆ ತಿನ್ನೂನು," ಅಂದಳು ವೈನಿ.

ಮರುದಿನ ಗಾಡಿ ಬಂದಾಗ ವೈನಿ ಏಳುವ ಮೊದಲೇ, ತುಂಬಿದ ಬಾಟಲಿ ತೆಗೆದುಕೊಂಡು ನಾನೇ ಹೊರಗೆ ಹೋದೆ. ಗಾಡಿಯಾಕೆ ಅದನ್ನು ಇಸಿದುಕೊಂಡು ಮುಚ್ಚಳ ತಿರುವಿ ನೋಡಿದಳು, ಬುಡ ಮೇಲೆ ಮಾಡಿ ಇನ್ನೊಮ್ಮೆ ನೋಡಿದಳು. ಆಮೇಲೆ ಹಳದಿ ಡಬ್ಬಿಗೆ ಹಾಕಿದಳು.

ವೈನಿ ಕೊಟ್ಟರೆ ಆಕೆ ಹಾಗೆ ನೋಡುವುದಿಲ್ಲ.