ಹೆಬ್ಬೆರಳಿನ ದಾರ

ಕಳೆದ ವಾರ ತೀರಿಕೊಂಡ ನನ್ನ ಗೆಳೆಯನಿಗೆ ಓಣಿಯವರು ಇಟ್ಟ ಹೆಸರು ಕುಂಭಕರ್ಣ. ಹದಿನೆಂಟು ತುಂಬುತ್ತಲೇ ಅವನಿಗೆ ಸೇನೆ ಸೇರುವ ಹುಚ್ಚು ಹಿಡಿಯಿತು. ಕಾಲೇಜು ಮುಗಿಸಿ ಹೋಗು ಎಂದು ಅಮ್ಮ, ಈಗಲೇ ಹೋಗುತ್ತೇನೆಂದು ಇವನು. ಕೊನೆಗೆ ಗಡಿಯಾರ ರಿಪೇರಿ ಮಾಡುವ ಅಪ್ಪ ಪಂದ್ಯ ಕಟ್ಟಿದರು: “ಒಂದು ವಾರ ಯಾರೂ ಎಬ್ಬಿಸದೆ ಬೆಳಿಗ್ಗೆ ಐದಕ್ಕೆ ಎದ್ದು ತೋರಿಸು. ಎದ್ದರೆ ಸೇನೆ, ಇಲ್ಲದಿದ್ರೆ ಕಾಲೇಜು.”

ಅವನು ಕಾಲಿನ ಹೆಬ್ಬೆರಳಿಗೆ ದಾರ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟು ಮಲಗತೊಡಗಿದ. ಪಕ್ಕದ ಮನೆಯವನಾದ ನಾನು ಆರು ದಿನ ಐದಕ್ಕೆ ಸರಿಯಾಗಿ ಹೋಗಿ ಎಳೆದೆ. ಏಳನೆಯ ದಿನ ಎಳೆದಾಗ ಕಿಟಕಿಯಲ್ಲಿ ಕಾಣಿಸಿದ್ದು ಅವನ ಅಮ್ಮನ ಮುಖ. ದಾರ ಅವರ ಬೆರಳಿಗೆ ಕಟ್ಟಿತ್ತು.

“ಮೆಲ್ಲಗೆ ಎಳಿಯೋ ಮಾರಾಯ, ಬೆರಳು ಕಿತ್ತು ಬರುತ್ತೆ. ಅವನು ಮಲಗಿರ್ಲಿ. ಮಧ್ಯಾಹ್ನ ಇಬ್ಬರೂ ಹೋಗಿ ಕಾಲೇಜಿನ ಅರ್ಜಿ ತನ್ನಿ.”

ಪದವಿ ಮುಗಿಸಿಯೇ ಅವನು ಸೇನೆಗೆ ಹೋದ. ಅಲ್ಲಿ ಇಪ್ಪತ್ತು ವರ್ಷ ಅವನನ್ನು ಕಹಳೆ ಎಬ್ಬಿಸಿತು. ರಜೆಗೆ ಬಂದಾಗಲೆಲ್ಲ, “ಕಹಳೆಗಿಂತ ನಿನ್ನ ದಾರವೇ ವಾಸಿ ಕಣೋ, ಕಿವಿಗಾದ್ರೂ ನೆಮ್ಮದಿ ಇತ್ತು” ಎನ್ನುತ್ತಿದ್ದ.

ಒಂದು ವಾರದಿಂದ ನನಗೆ ಐದಕ್ಕೇ ಎಚ್ಚರವಾಗುತ್ತಿದೆ. ಎದ್ದು ಅವನ ಕಿಟಕಿಯವರೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ವಾಪಸು ಬರುತ್ತೇನೆ.