ಅಕ್ಕನ ಪಿಯಾನೋ, ನನ್ನ ಮಂಡಿನೋವು

ಮುರಿದ ಕಿಂಡಿಗೆ ಕಾಗದ ಅಂಟಿಸುವುದರಲ್ಲಿ ನೈರೋಬಿಯ ಕನ್ನಡಿಗರಲ್ಲಿ ನನ್ನಷ್ಟು ಕೈ ಪಳಗಿದವರು ಇರಲಿಲ್ಲ. ಕಿಂಡಿಯೆಂದರೆ ಕ್ಯಾಸೆಟ್ಟಿನ ಅಂಚಿನಲ್ಲಿರುವುದು. ಅಲ್ಲಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗದು. ಕಾಗದ ಅಂಟಿಸಿದರೆ ಮಾಡಬಹುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇಷ್ಟು ವಿದ್ಯೆ ಸಾಕಾಯಿತು, ಅಕ್ಕನ ಕೆಲಸ ಕೆಡಿಸಲು.

ಮೈಸೂರಿನಲ್ಲಿದ್ದ ಅಮ್ಮನಿಗೆ ಕಣ್ಣು ಮಂಜಾಗಿದ್ದರಿಂದ ನಾವು ಪತ್ರ ಬರೆಯುತ್ತಿರಲಿಲ್ಲ. ಯಾರಾದರೂ ಊರಿಗೆ ಹೊರಟರೆ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದೆವು. ಅಮ್ಮನ ಉತ್ತರವೂ ಹಾಗೆಯೇ ಬರುತ್ತಿತ್ತು.

ಗ್ರೇಸಕ್ಕ ನೈರೋಬಿಯ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ಹೋಟೆಲೊಂದರಲ್ಲಿ ಜಾಝ್ ನುಡಿಸುತ್ತಿದ್ದಳು. ಅಲ್ಲಿಯ ಪಿಯಾನೋ ಮುಂದೆ ಕೂತ ಮೊದಲ ಹೆಂಗಸು ಅವಳೇ. ಮೊದಮೊದಲು ಜನ ಅವಳ ಹತ್ತಿರವೇ ಬಂದು ‘ಪಿಯಾನೋದವರು ಇನ್ನೂ ಬಂದಿಲ್ಲವೇ?’ ಎಂದು ವಿಚಾರಿಸುತ್ತಿದ್ದರಂತೆ. ಅಮ್ಮನಿಗೆ ಮಾತ್ರ, ಅವಳು ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾಳೆಂದು ಹೇಳಿದ್ದೆವು.

ನನಗೆ ಜಾಝ್ ಎಂದರೆ ಹಾಡೊಂದು ದಾರಿ ತಪ್ಪಿ, ತಪ್ಪಿದ್ದಕ್ಕೆ ಸಂತೋಷಪಡುವುದು. ಗ್ಯಾರೇಜಿನಲ್ಲಿ ದುಡಿಯುವ ನನ್ನ ಕಿವಿಗೆ ಇಷ್ಟು ತಿಳಿಯುತ್ತಿತ್ತು: ಅಕ್ಕನ ಎಡಗೈ ಒಳ್ಳೆಯ ಎಂಜಿನ್ನಿನಂತೆ ಒಂದೇ ಸಮ ಓಡುತ್ತದೆ, ಬಲಗೈ ಇಲ್ಲಿಯ ಬಾಡಿಗೆ ವ್ಯಾನು ಮಟಾಟುವಿನ ಡ್ರೈವರನಂತೆ ಸಂದಿ ಕಂಡಲ್ಲೆಲ್ಲ ನುಗ್ಗುತ್ತದೆ. ಚರ್ಚಿನ ಕೀರ್ತನೆಯಲ್ಲಿ ಶುರುಮಾಡಿ, ಇಲ್ಲಿಯ ಗಿಟಾರುಗಳ ಕುಣಿತವನ್ನು ಹೊಕ್ಕು, ನಡುವೆ ಮೋಹನ ರಾಗವನ್ನೂ ಮಾತಾಡಿಸಿಕೊಂಡು ಬರುತ್ತಿದ್ದಳು. ಎಲ್ಲರೂ ಅವಳಿಗೆ ನೆಂಟರೇ.

ರೆಕಾರ್ಡ್ ಹೊರತರುವ ವಿದೇಶೀಯನೊಬ್ಬ ಹೋಟೆಲಿನಲ್ಲಿ ಅವಳು ನುಡಿಸುವುದನ್ನು ಕೇಳಿ, ಶನಿವಾರ ತಾನು ಹೊರಡುವುದರೊಳಗೆ ಒಂದು ಕ್ಯಾಸೆಟ್ ಕೊಡಲು ಹೇಳಿದ. ಅಕ್ಕ ಹಗಲೆಲ್ಲ ನುಡಿಸಿ ರೆಕಾರ್ಡ್ ಮಾಡಿ, ಕಿಂಡಿ ಮುರಿದು, ಮೇಜಿನ ಮೇಲಿಟ್ಟಳು. ಅದಕ್ಕೆ ಪ್ರತಿಯಿರಲಿಲ್ಲ.

ಶುಕ್ರವಾರ ಊರಿಗೆ ಹೊರಟಿದ್ದ ಡಾಕ್ಟರೊಬ್ಬರು ಫೋನ್ ಮಾಡಿ, “ಅರ್ಧ ಗಂಟೇಲಿ ಬರ್ತೀನಿ, ಅಮ್ಮನ ಕ್ಯಾಸೆಟ್ ರೆಡಿ ಇಡಪ್ಪ” ಎಂದರು. ಖಾಲಿ ಕ್ಯಾಸೆಟ್ ಇರಲಿಲ್ಲ. ಕೈಗೆ ಸಿಕ್ಕಿದ್ದು ಎರಡು: ನನ್ನ ಸಿನಿಮಾ ಹಾಡುಗಳದು, ಅಕ್ಕನದು. ನಾನು ಅಕ್ಕನದಕ್ಕೆ ಕಾಗದ ಅಂಟಿಸಿದೆ. ತಿಳಿಯದೆ ಅಲ್ಲ. ‘ಇವಳು ಇನ್ನೊಮ್ಮೆ ನುಡಿಸಿಕೊಂಡರಾಯಿತು’ ಎಂದುಕೊಂಡೆ. ಅಪ್ಪ ಅವಳನ್ನು ಪಿಯಾನೋ ಪಾಠಕ್ಕೆ, ನನ್ನನ್ನು ಗ್ಯಾರೇಜಿಗೆ ಕಳಿಸಿದ್ದ ಹಳೆಯ ಉರಿಯೂ ಅದರಲ್ಲಿ ಸೇರಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

“ಸ್ಯಾಮೂ, ಮೇಜಿನ ಮೇಲಿದ್ದ ಕ್ಯಾಸೆಟ್ ಎಲ್ಲೋ?”

“ಅಮ್ಮಂಗೆ ಹೋಯ್ತಕ್ಕ. ಇಪ್ಪತ್ತು ನಿಮಿಷ ಅಷ್ಟೇ ಮಾತಾಡಿದ್ದು. ಮಿಕ್ಕಿದ್ದು ನಿಂದೇ ಇದೆ.”

“ಏನು ಮಾತಾಡ್ದೆ?”

“ಮಂಡಿನೋವಿನ ವಿಷಯ.”

ಅಕ್ಕ ನನ್ನ ಕಾಲುಗಳನ್ನೇ ನೋಡಿದಳು. “ಯಾವ ಮಂಡಿ ತೋರ್ಸು. ಇನ್ನೊಂದಕ್ಕೂ ಬರೋ ಹಾಗೆ ಮಾಡ್ತೀನಿ.” ಆಮೇಲೆ ನನ್ನ ಸಿನಿಮಾ ಹಾಡಿನ ಕ್ಯಾಸೆಟ್ ಅವಳ ಕಣ್ಣಿಗೆ ಬಿತ್ತು. “ಇದು ಇಲ್ಲೇ ಇತ್ತಲ್ಲೋ” ಎಂದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮತ್ತೆ ನುಡಿಸಲು ಹೊತ್ತಿರಲಿಲ್ಲ, ಆ ಮನುಷ್ಯ ಶನಿವಾರ ಬೆಳಿಗ್ಗೆಯೇ ಹೊರಟುಹೋದ. ಆಮೇಲೆ ನನ್ನ ಹಾಡುಗಳ ಕ್ಯಾಸೆಟ್ಟಿನ ಮೇಲೆಯೇ ಅಕ್ಕ ಮತ್ತೆ ನುಡಿಸಿದಳು. ಕಾಗದ ನಾನೇ ಅಂಟಿಸಿಕೊಟ್ಟೆ. ಅಂಚೆಯಲ್ಲಿ ಹೋದ ಆ ಕ್ಯಾಸೆಟ್ಟಿಗೆ ಉತ್ತರ ಬರಲೇ ಇಲ್ಲ.

ಬಂದದ್ದು ಅಮ್ಮನ ಉತ್ತರ. ಇಬ್ಬರೂ ಕೂತು ಕೇಳಿದೆವು. “ಸ್ಯಾಮೂ, ಮಂಡಿಗೆ ಹರಳೆಣ್ಣೆ ಹಚ್ಕೊ. ಗ್ರೇಸಿ, ನಿನ್ನ ಕೈ ನಂಗೊತ್ತಾಗಲ್ವೇನೆ? ಚರ್ಚಲ್ಲಿ ಹಿಂಗೆಲ್ಲ ನುಡಿಸೋಕೆ ಬಿಡಲ್ಲ ಅಂತಾನೂ ಗೊತ್ತು. ಎಲ್ಲಿ ಅಂತ ಕೇಳಲ್ಲ ಬಿಡು. ದಿನಾ ಹಾಕ್ಕೋತೀನಿ, ಮೋಹನ ಬರುತ್ತಲ್ಲ, ಆವಾಗ ಪಕ್ಕದ ಮನೆಯವ್ರೂ ಬಂದು ಕೂರ್ತಾರೆ. ಕ್ಯಾಸೆಟ್ ವಾಪಸ್ ಕೇಳ್ಬೇಡಿ, ಕೊಡಲ್ಲ.”

ಅಕ್ಕ ಅದನ್ನು ಮೂರು ಸಲ ಹಾಕಿಸಿದಳು. ನನ್ನ ಕಡೆ ಮಾತ್ರ ತಿರುಗಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಅದನ್ನು ಹೇಗೆ ಕೇಳುವುದೆಂದು ಏಳನೇ ಕ್ಲಾಸಿನವರೆಗೆ ಹೇಳಿಕೊಟ್ಟಿರಲಿಲ್ಲ.

ಮುಂದಕ್ಕೆ ಓಡಿಸುವ ಗುಂಡಿ ಒತ್ತಿದರೆ ಟೇಪು ತುಂಡಾಗುತ್ತದೆಂದು ಅಮ್ಮನಿಗೆ ಭಯ. ಹಾಗಾಗಿ ಅಕ್ಕನ ಪಿಯಾನೋ ಕೇಳಬೇಕೆಂದವರು ಮೊದಲು ನನ್ನ ಇಪ್ಪತ್ತು ನಿಮಿಷವನ್ನು ದಾಟಬೇಕು. ಊರಿಗೆ ಹೋದಾಗ ನೋಡಿದೆ: ಪಕ್ಕದ ಮನೆಯವರು ಸೆರಗು ಸರಿಮಾಡಿಕೊಂಡು, ಕಾಫಿ ಲೋಟ ಹಿಡಿದು, ನನ್ನ ದನಿ ನಿಲ್ಲುವುದನ್ನೇ ಕಾಯುತ್ತ ಕೂತಿದ್ದರು. ನಾನು ಬಾಯಿ ಮುಚ್ಚುವುದನ್ನು ಇಷ್ಟು ಜನ ಇಷ್ಟು ಪ್ರೀತಿಯಿಂದ ಕಾದದ್ದು ಬೇರೆಲ್ಲೂ ಇಲ್ಲ.